ಮಜ್ಜಿಗೆ ಯಾರ ಪಾಲು?

ಹಲಗೂರಿನ ಅಂಗಡಿಗಳಲ್ಲಿ ಬೆಳಿಗ್ಗೆ ಹಾಲು ಕೇಳುವವರು ಹಾಲಿನ ಹೆಸರು ಹೇಳುವುದಿಲ್ಲ, ಬಣ್ಣ ಹೇಳುತ್ತಾರೆ. ‘ನೀಲಿದು ಎರಡು ಕೊಡಣ್ಣ’ ಅಂದರೆ ಸಾಕು. ನೀಲಿ ಎಂದರೆ ನಂದಿನಿಯ ಟೋನ್ಡ್ ಹಾಲು, ಅದರಲ್ಲಿ ಕೊಬ್ಬು ಶೇ. 3. ದಿನದ ಕಾಫಿ, ಟೀಗೆ ಅದು. ಮನೆಯಲ್ಲಿ ಪಾಯಸ ಮಾಡುವುದಿದ್ದರೆ, ಮೊಸರು ಗಟ್ಟಿಯಾಗಿ ಹೆಪ್ಪಾಗಬೇಕಿದ್ದರೆ ಕಿತ್ತಳೆ ಪ್ಯಾಕೆಟ್ಟು, ಅದರಲ್ಲಿ ಶೇ. 4.5. ಅಲ್ಲೇ ನಾಲ್ಕು ಹೆಜ್ಜೆಯಾಚೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮನೆಯವರೇ ಮಧ್ಯಾಹ್ನ ನೆಂಟರು ಬಂದರೆ ಪ್ಯಾಕೆಟ್ ತರಿಸುವುದುಂಟು. ಇದು ನಗೆಪಾಟಲಿನ ವಿಷಯದಂತೆ ಕಾಣುತ್ತದೆ. ಆದರೆ ಈ ಎರಡು ಸಾಲುಗಳ ನಡುವೆ ಒಂದು ವಸ್ತು ಕಾಣೆಯಾಗಿದೆ. ಅದು ಮಜ್ಜಿಗೆ.

ಮಳವಳ್ಳಿ, ಮದ್ದೂರು, ಕನಕಪುರದ ಕಡೆ ಊರುಗಳ ಹೆಸರು ಗಮನಿಸಿ. ಎಷ್ಟೊಂದು ‘ದೊಡ್ಡಿ’ಗಳು! ಇಂದು ಭಾರತೀನಗರ ಎನಿಸಿಕೊಂಡಿರುವ ಕೆ.ಎಂ. ದೊಡ್ಡಿ ಕೂಡ ಕಾಳಮುದ್ದನದೊಡ್ಡಿಯೇ. ದೊಡ್ಡಿ ಎಂದರೆ ದನ ಕೂಡುವ ಜಾಗ. ಹಲಗೂರಿನಿಂದ ಮುತ್ತತ್ತಿಯ ಕಡೆಗೆ, ಕಾವೇರಿಯ ಅಂಚಿಗೆ ಇಳಿಯುವ ಕುರುಚಲು ಕಾಡು ಮೇವಿನ ಸೀಮೆ. ಮಂಟೇಸ್ವಾಮಿ ಕಾವ್ಯ ಓದಿದವರಿಗೆ ಹಲಗೂರು ಎಂದರೆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷಕ್ಕೆ ಹೋದ ಪಾಂಚಾಳರ ಊರು. ಕುಲುಮೆಯ ಊರೆಂಬ ಆ ಖ್ಯಾತಿಯ ಮರೆಯಲ್ಲಿ ದನದ ಕಥೆ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

ಆದರೆ ಆ ದನ ಹಾಲಿನ ದನವಲ್ಲ. ಇಲ್ಲಿಯದು ಹಳ್ಳಿಕಾರ್. ನೀಳ ಕೊಂಬು, ಬಿಗಿ ಮೈ, ನೇಗಿಲಿಗೂ ಗಾಡಿಗೂ ಹೇಳಿ ಮಾಡಿಸಿದ ತಳಿ. ಹಸು ಸಾಕುತ್ತಿದ್ದದ್ದು ಹೋರಿಗರುವಿಗಾಗಿ. ಕರು ಕುಡಿದು ಉಳಿದದ್ದು ಹೊತ್ತಿಗೆ ಒಂದು ಲೀಟರ್ ಆದರೆ ಹೆಚ್ಚು. (ಮಳವಳ್ಳಿಯ ಬಂಡೂರು ಕುರಿಯೂ ಹೆಸರಾದದ್ದು ಮಾಂಸಕ್ಕೇ ಹೊರತು ಹಾಲಿಗಲ್ಲ.) ಹಾಗಾಗಿ ಹಾಲು ಬೇಕೆಂದವರು ಎಮ್ಮೆ ಕಟ್ಟುತ್ತಿದ್ದರು. ಮಗುವಿಗೆ, ಕಾಯಿಲೆಯವರಿಗೆ, ದೇವರಿಗೆ ಹಸುವಿನ ಹಾಲು. ಮೊಸರಿಗೆ, ಬೆಣ್ಣೆಗೆ ಎಮ್ಮೆಯದು. ಎಮ್ಮೆಯ ಬೆಣ್ಣೆ ಬೆಳ್ಳಗೆ, ಹಸುವಿನದು ಹಳದಿ. ಕಣ್ಣಿಂದಲೇ ಹೇಳಬಹುದಾಗಿದ್ದ ಈ ಭೇದಕ್ಕೆ ಯಂತ್ರ ಬೇಕಿರಲಿಲ್ಲ.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಹಾಲು ಹಾಲಾಗಿ ಊರು ಬಿಟ್ಟು ಹೋಗುತ್ತಿರಲಿಲ್ಲ. ಹೋಗುವಂತೆಯೂ ಇರಲಿಲ್ಲ, ಸಂತೆ ತಲುಪುವ ಹೊತ್ತಿಗೆ ಒಡೆದಿರುತ್ತಿತ್ತು. ಊರು ಬಿಡುತ್ತಿದ್ದದ್ದು ಬೆಣ್ಣೆ ಮತ್ತು ತುಪ್ಪ. ಮೈಸೂರಿನ ಅರಸರಿಗೂ ಹಾಲಿನ ಲೆಕ್ಕ ಬೆಣ್ಣೆಯ ಲೆಕ್ಕವೇ ಆಗಿತ್ತು. ಚಿಕ್ಕದೇವರಾಜ ಒಡೆಯರು 17ನೇ ಶತಮಾನದ ಕೊನೆಯಲ್ಲಿ ಅರಮನೆಯ ದನಗಳಿಗಾಗಿ ಕಟ್ಟಿದ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’. ಟಿಪ್ಪು ಅದನ್ನು ‘ಅಮೃತ ಮಹಲ್’ ಎಂದು ಕರೆದ. ಯುದ್ಧದ ಸಾಮಾನು ಎಳೆದು ಹೆಸರಾದ ಎತ್ತುಗಳ ಇಲಾಖೆಗೆ ಬೆಣ್ಣೆಯ ಹೆಸರು ಇತ್ತೆಂಬುದು ನನಗೆ ಇಂದಿಗೂ ಸೋಜಿಗವೇ.

ಬೆಣ್ಣೆ ತೆಗೆದ ಮೇಲೆ ಗಡಿಗೆಯಲ್ಲಿ ಉಳಿಯುವುದನ್ನು ಮಾರುವ ರೂಢಿ ಇರಲಿಲ್ಲ. ಬೆಣ್ಣೆ ಸಂತೆಗೆ, ಮಜ್ಜಿಗೆ ಕೇರಿಗೆ. ದನವಿಲ್ಲದವರು ಚೆಂಬು ಹಿಡಿದು ಬಂದರೆ ಹುಯ್ದು ಕೊಡಬೇಕು. ಕೂಲಿಯಾಳಿಗೆ ಮಧ್ಯಾಹ್ನ ರಾಗಿ ಅಂಬಲಿಗೆ ಅದೇ. ಕೊಬ್ಬು ಹೋದರೂ ಹಾಲಿನ ಪ್ರೋಟೀನು, ಸುಣ್ಣದಂಶ ಬಹುಪಾಲು ಮಜ್ಜಿಗೆಯಲ್ಲೇ ಉಳಿಯುತ್ತದೆ. ಹಾಗೆ ನೋಡಿದರೆ ಹಾಲು ಕರೆಯದ ಮನೆಗಳಿಗೆ ಹಾಲಿನ ಸತ್ವ ತಲುಪುತ್ತಿದ್ದದ್ದು ಈ ದಾರಿಯಲ್ಲಿ.

ಇದನ್ನು ಪುಣ್ಯದ ಮಾತಿನಲ್ಲಿ ಮುಚ್ಚಿಬಿಡಬಾರದು. ಮಜ್ಜಿಗೆ ಕೊಡುವ ಕೈ ಮೇಲೆ, ಹಿಡಿಯುವ ಪಾತ್ರೆ ಕೆಳಗೆ. ಹೊಲೆಗೇರಿಯಿಂದ ಬಂದವರಿಗೆ ಹಟ್ಟಿಯ ಹೊರಗೆ, ಪಾತ್ರೆ ತಾಗದಂತೆ ಎತ್ತರದಿಂದ ಹುಯ್ಯುತ್ತಿದ್ದರು. ಮಜ್ಜಿಗೆ ತಿರುಗಿ ಬೇಡದ ದಾನವಾಗಿರಲಿಲ್ಲ. ಕರೆದಾಗ ಕೆಲಸಕ್ಕೆ ಬರಬೇಕೆಂಬ ಕರಾರು ಆ ಚೆಂಬಿನಲ್ಲೇ ಇರುತ್ತಿತ್ತು. ಹಳೆಯ ಊರನ್ನು ನೆನೆದು ನಿಟ್ಟುಸಿರು ಬಿಡುವ ಲೇಖನಗಳಲ್ಲಿ ಮಜ್ಜಿಗೆ ಧಾರಾಳವಾಗಿ ಹರಿಯುತ್ತದೆ, ಈ ಎತ್ತರದ ಅಳತೆ ಮಾತ್ರ ಇರುವುದಿಲ್ಲ.

ಬದಲಾವಣೆ ಮೂರು ಕಡೆಯಿಂದ ಬಂತು. 1930ರ ದಶಕದಲ್ಲಿ ಇರ್ವಿನ್ ನಾಲೆ ಮಂಡ್ಯದ ಸೀಮೆಗೆ ಕಬ್ಬು ತಂದಿತು, ಕಬ್ಬಿನ ಸೋಗೆ ದನಕ್ಕೆ ಮೇವಾಯಿತು. ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಘನೀಕೃತ ವೀರ್ಯ ಕೇಂದ್ರ ‘ಸೀಮೆ ಹಸು’ವನ್ನು ಹಟ್ಟಿಗೆ ತಂದಿತು. ಹೊಲ್‌ಸ್ಟೀನ್, ಜೆರ್ಸಿ ಎಂಬ ಹೆಸರುಗಳನ್ನೆಲ್ಲ ನಮ್ಮವರು ಆ ಒಂದೇ ಮಾತಿಗೆ ಇಳಿಸಿಕೊಂಡರು. 1974ರಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಹುಟ್ಟಿದ ಡೈರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಒಕ್ಕೂಟದ ಡೈರಿ ನಿಂತಿತು. ಈಗ ಹಾಲು ಒಡೆಯುವ ಮೊದಲೇ ಊರು ಬಿಡಬಹುದಾಗಿತ್ತು. ಅದೂ ದಿನಕ್ಕೆರಡು ಸಲ.

ಆಮೇಲೆ ನಾಲಿಗೆಯ ಜಾಗಕ್ಕೆ ‘ಫ್ಯಾಟು’ ಮತ್ತು ‘ಡಿಗ್ರಿ’ ಬಂದವು. ಗಟ್ಟಿ ಹಾಲು, ತೆಳು ಹಾಲು ಎಂಬ ಅಡುಗೆಮನೆಯ ಮಾತು ಯಂತ್ರದ ಅಂಕಿಯಾಯಿತು. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇ. 6–7ರವರೆಗೆ ಇದ್ದರೂ, ಅದು ಕೊಡುವುದಕ್ಕಿಂತ ಹೆಚ್ಚು ಲೀಟರ್ ಸೀಮೆ ಹಸು ಕೊಡುತ್ತಿತ್ತು. ಲೆಕ್ಕ ಹಾಕಿದ ಮನೆಗಳು ಎಮ್ಮೆ ಮಾರಿದವು. ಎಮ್ಮೆ ಹಾಲಿನ ಕಾಫಿಯೇ ಕಾಫಿ ಎನ್ನುವ ಹಿರಿಯರು ಈಗಲೂ ಇದ್ದಾರೆ, ಹಟ್ಟಿಯಲ್ಲಿ ಎಮ್ಮೆ ಮಾತ್ರ ಇಲ್ಲ. ನೆಲುವಿನ ಗಡಿಗೆ ಇಳಿಯಿತು, ಕಡಗೋಲು ಅಟ್ಟಕ್ಕೇರಿತು. ಬೆಣ್ಣೆ ಮಾರಿದ ಕಾಸು ಸೆರಗಿನ ಗಂಟಿನಲ್ಲಿರುತ್ತಿತ್ತು. ಡೈರಿಯ ಬಟವಾಡೆ ಬಹಳ ಕಡೆ ಗಂಡಸಿನ ಹೆಸರಿನ ಪಾಸ್‌ಬುಕ್ಕಿಗೆ ಹೋಯಿತು. ಕೇಂದ್ರ ಸರ್ಕಾರ 1986–87ರಲ್ಲಿ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ಮಹಿಳೆಯರದೇ ಹಾಲು ಉತ್ಪಾದಕರ ಸಂಘಗಳು ಹುಟ್ಟಿದ್ದು ಈ ನಷ್ಟವನ್ನು ಸ್ವಲ್ಪವಾದರೂ ತುಂಬಿಕೊಟ್ಟಿತು.

ಡೈರಿ ಒಂದು ಕೆಲಸವನ್ನು ಮಾತ್ರ ನಿಸ್ಸಂಶಯವಾಗಿ ಮಾಡಿತು. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬಿದ್ದ ಮೇಲೆ ಬೇರ್ಪಡಿಸಲಾಗದು. ಎರಡು ಲೋಟದ ಪದ್ಧತಿ ಬಿಡದ ಹೋಟೆಲಿನಲ್ಲೂ ಟೀಗೆ ಬೀಳುವುದು ಅಂಥ ಬೆರಕೆಯ ಹಾಲೇ. ಒಂದು ಹಸು ಕಟ್ಟಿದ ದಲಿತ ಹೆಂಗಸಿಗೆ ಗೌಡರ ಮನೆಯ ಹಾಲಿನ ಅಳತೆಯೇ, ಬೆಲೆಯೇ. ಮಜ್ಜಿಗೆಗೆ ಬಗ್ಗಿದ ಬೆನ್ನಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಹಸು ಕಟ್ಟಲು ಜಾಗವೂ ಮೇವೂ ಇಲ್ಲದವರ ಪಾಲು? ಹಾಲು ಇಡಿಯಾಗಿ ಊರು ಬಿಟ್ಟಾಗ ಕೇರಿಗೆ ಉಳಿಯುವುದೇನೂ ಇರಲಿಲ್ಲ.

ತಮಾಷೆಯೆಂದರೆ, ಗೆಜ್ಜಲಗೆರೆಯಲ್ಲಿ ನಡೆಯುವುದೂ ಕಡಗೋಲಿನ ಕೆಲಸವೇ. ಹಾಲಿನಿಂದ ಕೊಬ್ಬು ತೆಗೆದರೆ ಬೆಣ್ಣೆ, ತುಪ್ಪ. ಉಳಿದದ್ದು ತೆಳು ಹಾಲು. ‘ಟೋನ್ಡ್’ ಎಂಬ ಹಾಲು ಹುಟ್ಟಿದ್ದು 1940ರ ದಶಕದ ಮುಂಬಯಿಯಲ್ಲಿ, ದಾರಾ ಖುರೋಡಿಯವರ ಕೈಯಲ್ಲಿ. ಗಟ್ಟಿ ಎಮ್ಮೆ ಹಾಲಿಗೆ ಕೆನೆರಹಿತ ಪುಡಿ ಮತ್ತು ನೀರು ಸೇರಿಸಿ, ಒಂದು ಲೀಟರಿನ ಕೊಬ್ಬನ್ನು ಎರಡು ಲೀಟರಿಗೂ ಮಿಕ್ಕಿ ಹಂಚುವ ಉಪಾಯ ಅದು. ಬಡವರಿಗೂ ಎಟುಕಲಿ ಎಂಬುದು ಉದ್ದೇಶ. ನಮ್ಮ ನೀಲಿ ಪ್ಯಾಕೆಟ್ಟು ಆ ವಂಶದ್ದು. ಎಟುಕುವ ಬೆಲೆಯದು ನಿಜ, ಬೆಲೆಯಂತೂ ಇದೆ.

ಇನ್ನೊಂದು ತುದಿಯಲ್ಲಿ, ಬೆಂಗಳೂರಿನಲ್ಲಿ ಗಾಜಿನ ಬಾಟಲಿಯ ‘ಎ2’ ನಾಟಿ ಹಾಲು. ಹೋರಿಗಾಗಿ ಸಾಕಿ, ಹಾಲಿಗೆ ಸಾಲದೆಂದು ಕೈಬಿಟ್ಟ ನಾಟಿ ಹಸುವಿಗೆ ಈಗ ಹಾಲಿನ ಗೌರವ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಹಣೆಪಟ್ಟಿ ತೆಗೆಯಿರೆಂದು ಹೇಳಿ, ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಎಮ್ಮೆಯ ಹಾಲೂ ಎ2 ಬಗೆಯದೇ. ಅದನ್ನು ಹಾಗೆ ಹೊಗಳಿ ಮಾರುವವರು ನನಗಂತೂ ಸಿಕ್ಕಿಲ್ಲ. ಎಮ್ಮೆಗೆ ಅಂಥ ಪುರಾಣವಿಲ್ಲ.

ಕೇರಿಯ ಮಕ್ಕಳಿಗೆ ಹಾಲು ಮರಳಿದ್ದು 2013ರ ಆಗಸ್ಟಿನಲ್ಲಿ, ಕ್ಷೀರಭಾಗ್ಯವಾಗಿ. ಆ ವರ್ಷ ಪ್ರೋತ್ಸಾಹಧನ ಲೀಟರಿಗೆ 4 ರೂಪಾಯಿಗೆ ಏರಿ ಡೈರಿಗಳಿಗೆ ಹಾಲು ಉಕ್ಕಿ ಬರುತ್ತಿತ್ತು, ಅದಕ್ಕೊಂದು ದಾರಿಯೂ ಬೇಕಿತ್ತು. 18 ಗ್ರಾಂ ಕೆನೆಭರಿತ ಪುಡಿಯಿಂದ ಒಂದು ಮಗುವಿಗೆ 150 ಮಿಲಿಲೀಟರ್. ಪುಡಿ ಹಾಲಿನ ವಾಸನೆ ಹಿಡಿಸದ ಮಕ್ಕಳು ಮೂಗು ಮುರಿಯುತ್ತಾರೆ, ಸಕ್ಕರೆ ಹೆಚ್ಚು ಕೇಳುತ್ತಾರೆ. ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿದ ಕೂಲಿಯಾಳಿನ ಮರಿಮಕ್ಕಳೂ ಆ ಸಾಲಿನಲ್ಲಿದ್ದಾರೆ. 2024ರಲ್ಲಿ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಸತೊಡಗಿದರು. ಅದನ್ನು ಎತ್ತರದಿಂದ ಹುಯ್ಯುವುದಿಲ್ಲ, ಲೋಟ ಮಕ್ಕಳ ಕೈಗೇ ಬರುತ್ತದೆ.