ಧಾತು ವರ್ಷದ ಬರ ಇನ್ನೂ ನಮ್ಮ ರಕ್ತದಾಗ ಐತೇನು?

"ನಿನ್ನ ಧಾರವಾಡಕ್ಕ ಕಳಸಬೇಕು ನೋಡು." ನಮ್ಮ ಕಡೆ ಬೆಳೆದವರು ಈ ಚೇಷ್ಟೆ ಕೇಳಿಯೇ ಇರ್ತೀರಿ. ಇವತ್ತಿನ ಡಿಮ್ಹಾನ್ಸ್ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು. ಅದಕ್ಕೆ ಮೂವತ್ತು ವರ್ಷ ದಾಟಿದಾಗ, 1876–78ರಲ್ಲಿ, ಧಾತು-ಈಶ್ವರ ಸಂವತ್ಸರಗಳ ಬರ ಬಂತು. 1872ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಧಾರವಾಡ ಜಿಲ್ಲೆಯಲ್ಲಿ ಸುಮಾರು ಒಂದು ಲಕ್ಷ ಜನ ಕಡಿಮೆ. ಸತ್ತವರು, ಗುಳೆ ಹೋದವರು, ಹುಟ್ಟದೇ ಹೋದವರು, ಎಲ್ಲ ಆ ಲೆಕ್ಕದೊಳಗೇ.

ಈಗ ಮೊಬೈಲಿನಲ್ಲಿ ಒಂದು ಮಾತು ಓಡಾಡ್ತಿದೆ: ನಿಮ್ಮ ಹಿರಿಯರು ಬರ ಕಂಡರು, ಅದಕ್ಕೇ ನಿಮಗೆ ಡಿಪ್ರೆಶನ್, ಎಪಿಜೆನೆಟಿಕ್ಸ್ ಹೇಳಿದೆ ಅಂತ. ಅದು ಹಾಗೆ ಹೇಳಿಲ್ಲ.

ಹೇಳಿದ್ದೇನು? ಜೀನಿನ ಬರಹ ಬದಲಾಗಲ್ಲ. ಅದರ ಮೇಲೆ ಮೀಥೈಲ್ ಅನ್ನೋ ಸಣ್ಣ ರಾಸಾಯನಿಕ ಗುರುತು ಕೂತರೆ ಆ ಜೀನ್ ಸಾಮಾನ್ಯವಾಗಿ ಮ್ಯೂಟ್ ಆಗುತ್ತೆ. 1944–45ರ ಚಳಿಗಾಲದಲ್ಲಿ, ಜರ್ಮನ್ ಆಕ್ರಮಣದ ಕಾಲದಲ್ಲಿ, ನೆದರ್ಲೆಂಡ್ಸ್‌ನಲ್ಲಿ ಹಸಿವು ಬಿತ್ತು. ಆಗಷ್ಟೇ ಗರ್ಭದಲ್ಲಿ ಮೂಡಿದ್ದವರನ್ನು ಅರವತ್ತು ವರ್ಷದ ನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಗುರುತು ಕಡಿಮೆ ಇತ್ತು. 2008ರಲ್ಲಿ ಇದು ಪ್ರಕಟವಾಯ್ತು. ಆ ಹಸಿವನ್ನು ಗರ್ಭದಲ್ಲೇ ಕಂಡವರಲ್ಲಿ ತೀವ್ರ ಖಿನ್ನತೆಯಂಥ ಕಾಯಿಲೆ ಹೆಚ್ಚು ಅಂತ ಬೇರೆ ಅಧ್ಯಯನವೂ ಇದೆ. ಆದರೆ ಆ ಗುರುತಿನಿಂದಲೇ ಈ ಕಾಯಿಲೆ ಅಂತ ಯಾರೂ ಸಾಬೀತು ಮಾಡಿಲ್ಲ ನೋಡ್ರಿ.

ಈಗ ನಮ್ಮ ಬರಕ್ಕೆ ಬರೋಣ. 1877ರಲ್ಲಿ ಬಸುರಿ ಒಬ್ಬಳು ಹಸಿದಿದ್ದಾಳೆ. ಹೊಟ್ಟೆಯಲ್ಲಿ ಹೆಣ್ಣುಕೂಸು. ಆ ಕೂಸಿನ ಅಂಡಾಣುಗಳು ಆಗಲೇ ರೂಪುಗೊಳ್ಳುತ್ತಿವೆ. ಅಂದರೆ ತಾಯಿ, ಮಗಳು, ಮೊಮ್ಮಗು: ಮೂರು ತಲೆಮಾರಿಗೆ ಬರ ನೇರವಾಗಿ ತಾಗಿತು. ಮರಿಮಗುವಿನಿಂದ ಮುಂದೆ ತಾಗಿಲ್ಲ. ಅಷ್ಟೇ ಅಲ್ಲ, ಅಂಡಾಣು-ವೀರ್ಯಾಣು ತಯಾರಾಗುವಾಗ ಒಮ್ಮೆ, ಭ್ರೂಣ ಮೂಡಿದ ಕೂಡಲೇ ಮತ್ತೊಮ್ಮೆ, ಇಂಥ ಗುರುತುಗಳು ಬಹುಪಾಲು ಅಳಿಸಿಹೋಗುತ್ತವೆ. ಇಲಿಗಳಲ್ಲಿ ಕೆಲವು ಉಳಿದದ್ದು ಕಂಡಿದೆ. ಮನುಷ್ಯರಲ್ಲಿ ನಾಲ್ಕನೇ ತಲೆಮಾರಿಗೆ ದಾಟಿದ ಪುರಾವೆ ಇಲ್ಲ. ಇಪ್ಪತ್ತರ ಹುಡುಗಿ ನೀವಾದರೆ, ಆಕೆಯಿಂದ ಐದಾರು ತಲೆಮಾರು ಈಚೆ ಇದ್ದೀರಿ.

"ಅಜ್ಜಿಗೂ ಇತ್ತು, ಅವ್ವಗೂ ಐತಿ, ನನಗ?" ಅಂತ ಕೇಳೋರಿಗೆ: ಅವಳಿಗಳ ಅಧ್ಯಯನಗಳ ಪ್ರಕಾರ ಖಿನ್ನತೆಯಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ 37. ಉಳಿದದ್ದು ಬದುಕಿನದು. ನಿದ್ದೆಗೆಟ್ಟ ರಾತ್ರಿ, ಸಾಲ, ಬಾಲ್ಯದ ಪೆಟ್ಟು. ಡಾಕ್ಟರ ಮುಂದೆ ಹೇಳಬೇಕಾದದ್ದು ಇದನ್ನ, 1877ರದ್ದನ್ನಲ್ಲ. ಧಾರವಾಡಕ್ಕ ಹೋಗೂದು ದೂರ ಅನ್ನಿಸಿದರ, ಟೆಲಿ ಮಾನಸ್ ನಂಬರ್ 14416. ಕನ್ನಡದಾಗೂ ಮಾತಾಡ್ತಾರ.