ನೆತ್ತರುಗೊಡಗೆಯಿಲ್ಲದ ಕೀರ್ತಿ

ರಾಜ್ಯಗಳ ಏಳುಬೀಳುಗಳಿಗೆ ಚರಿತ್ರೆ ಇರುವಂತೆ ಕೀರ್ತಿಗೂ ಒಂದು ಚರಿತ್ರೆಯುಂಟು. ಒಬ್ಬ ಸಾಮಾನ್ಯನ ಹೆಸರು ನಾಲ್ಕು ಜನರ ಬಾಯಿಗೆ ಬೀಳುವುದು ಯಾವಾಗ, ಅದನ್ನು ಹಾಗೆ ಬೀಳಿಸುವವರು ಯಾರು, ಬಿದ್ದ ಮೇಲೆ ಆ ಮನುಷ್ಯನ ಯೋಗಕ್ಷೇಮ ಯಾರ ಪಾಲಿನದು—ಈ ಮೂರು ಪ್ರಶ್ನೆಗಳಿಗೆ ಒಂದೊಂದು ಕಾಲವೂ ತನ್ನದೇ ಉತ್ತರವನ್ನು ಕೊಟ್ಟಿದೆ. ನಮ್ಮ ಕಾಲದ ಉತ್ತರವೇನೆಂಬುದನ್ನು ತಿಳಿಯಬೇಕಾದರೆ ಹಳೆಯ ಕಾಲದ ಉತ್ತರವನ್ನು ಮೊದಲು ನೋಡುವುದು ಲೇಸು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರದ ಹೆಬ್ಬಾಳಕ್ಕೆ ಹೋದರೆ ಸಾಕು.

ಹೆಬ್ಬಾಳವೆಂದರೆ ಇಂದಿನವರಿಗೆ ಮೇಲ್ಸೇತುವೆ, ವಿಮಾನ ನಿಲ್ದಾಣದ ದಾರಿ, ಮುಗಿಯದ ವಾಹನಸಾಲು. ಆದರೆ 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಅರಸ ಶ್ರೀಪುರುಷನ ಕಾಲದ್ದು. ಸುಮಾರು 750ರ ಆಸುಪಾಸಿನದು. ಬೆಂಗಳೂರು ಪರಿಸರದ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬವನ ಹೆಸರು ಅದರಲ್ಲಿದೆ. ಕಿತ್ತಯ್ಯ ಅರಸನಲ್ಲ, ಕವಿಯಲ್ಲ, ಮಠಾಧಿಪತಿಯಲ್ಲ. ಊರಿನ ಒಬ್ಬ ಆಳು. ಆದರೂ ಹನ್ನೆರಡೂಮುಕ್ಕಾಲು ಶತಮಾನಗಳ ಮೇಲೆ ನಾವು ಅವನ ಹೆಸರನ್ನು ಓದುತ್ತಿದ್ದೇವೆ. ಹೆಸರು ಉಳಿಸುವ ಕೆಲಸದಲ್ಲಿ ಕಲ್ಲಿಗೆ ಸಮನಾದ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ವೀರಗಲ್ಲಿನ ಪದ್ಧತಿಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ಕಾರ್ಯ ಮೊದಲು, ಕೀರ್ತಿ ಅನಂತರ. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಹೋರಾಡಿದವನಿಗೆ ಕಲ್ಲು, ಹೋರಾಡದವನಿಗೆ ಇಲ್ಲ. ಎರಡನೆಯದು ಇದಕ್ಕಿಂತ ದೊಡ್ಡದು. ಕಲ್ಲು ನಿಲ್ಲಿಸಿದ ಮಾತ್ರಕ್ಕೆ ಊರಿನ ಋಣ ತೀರುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ವಾಡಿಕೆಯಿತ್ತು. ಶಾಸನಗಳು ಇದನ್ನು ನೆತ್ತರುಗೊಡಗೆ, ನೆತ್ತರ್ಪಟ್ಟಿ, ಕಲ್ನಾಡು ಎಂದು ಬಗೆಬಗೆಯಾಗಿ ಕರೆಯುತ್ತವೆ. ನೆತ್ತರಿಗೆ ಪ್ರತಿಯಾಗಿ ಮಣ್ಣು. ಒಬ್ಬನ ಹೆಸರಿನಿಂದ ಊರು ಮೆರೆಯುವುದಾದರೆ ಅವನ ಮಕ್ಕಳು ಉಪವಾಸವಿರಕೂಡದೆಂಬ ಲೆಕ್ಕಾಚಾರ ಅದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಎಲ್ಲರೂ ಬಲ್ಲರು. 949-50ರ ಆ ಶಾಸನದಲ್ಲಿ ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತ ವೃತ್ತಾಂತವಿದೆ. ಅದಕ್ಕೆ ಕಲ್ಲು ನೆಟ್ಟುದಲ್ಲದೆ ಆ ಕಲ್ಲಿನ ಪೂಜೆ ತಪ್ಪದಿರಲೆಂದು ಭೂಮಿಯನ್ನೂ ಬಿಟ್ಟರು. ನಾಯಿಯ ಋಣವನ್ನೂ ಮರೆಯದ ಕಾಲ!

ಇನ್ನು ನಮ್ಮ ಕಾಲಕ್ಕೆ ಬರೋಣ. ಇಲ್ಲಿ ಕಲ್ಲಿನ ಸ್ಥಾನದಲ್ಲಿ ಕ್ಯಾಮರಾ ಬಂದಿದೆ. ಬಂದ ಕೂಡಲೆ ಅದು ಕೆಟ್ಟದ್ದನ್ನೇ ಮಾಡಿತೆಂದು ಹೇಳಿದರೆ ಅನ್ಯಾಯವಾಗುತ್ತದೆ. ಹೆಗ್ಗಡದೇವನಕೋಟೆಯ ಕಡೆ, ಕಪಿಲಾ ನದಿಯ ದಡದಲ್ಲಿ, ಕಾರಾಪುರವೆಂಬ ಊರು. ಅದರ ಸುತ್ತಲಿನ ಕಾಕನಕೋಟೆಯ ಕಾಡು ಆನೆಯ ಖೆಡ್ಡಾಕ್ಕೆ ಹೆಸರಾದದ್ದು. ಕಾಡಿನ ಕುರುಬರು ತಮಟೆ, ಬೆಂಕಿ, ಕೂಗುಗಳಿಂದ ಆನೆಯ ಹಿಂಡನ್ನು ಅಟ್ಟಿ ತರುವರು. ಮೈಸೂರು ಮಹಾರಾಜರ ಅತಿಥಿಗಳಾಗಿ ಬಂದ ವೈಸರಾಯರೂ ರಾಜಕುಮಾರರೂ ಎತ್ತರದಲ್ಲಿ ಕುಳಿತು ನೋಡುವರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆ ಕಾರಾಪುರದಲ್ಲಿ 1924ರಲ್ಲಿ ಒಬ್ಬ ಮಾವುತನ ಮಗ ಹುಟ್ಟಿದ. ಹೆಸರು ಸಾಬು. ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಮೈಸೂರಿಗೆ ಬಂದು ತನ್ನ ಚಿತ್ರಕ್ಕೆ ಹುಡುಗನೊಬ್ಬನನ್ನು ಹುಡುಕುವಾಗ ತಂದೆಯಿಲ್ಲದ ಈ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ಕಾರಾಪುರದ ಹುಡುಗ ಲಂಡನ್ನಿನ ಮನೆಮಾತಾದ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಾಬುವನ್ನು ಚಿತ್ರ ಮುಗಿದ ಮರುದಿನ ಹಟ್ಟಿಗೆ ಅಟ್ಟಲಿಲ್ಲ. ಅಣ್ಣನನ್ನು ಜೊತೆಗೆ ಕರೆದುಕೊಂಡು ಇಂಗ್ಲೆಂಡಿಗೆ ಹೋದ, ಅಲ್ಲಿ ಶಾಲೆಗೆ ಸೇರಿದ, ಕಂಪೆನಿಯೊಡನೆ ಕರಾರಾಯಿತು, ಒಂದರ ಮೇಲೊಂದು ಚಿತ್ರಗಳು ಬಂದವು. 1940ರಲ್ಲಿ ‘ಥೀಫ್ ಆಫ್ ಬಾಗ್ದಾದ್’, 1942ರಲ್ಲಿ ‘ಜಂಗಲ್ ಬುಕ್’. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧದಲ್ಲಿ ಅಲ್ಲಿಯ ವಾಯುಸೇನೆಯಲ್ಲಿ ಸೇವೆಮಾಡಿ ಪದಕ ಪಡೆದ. 1963ರ ಡಿಸೆಂಬರಿನಲ್ಲಿ, 39ನೆಯ ವಯಸ್ಸಿಗೇ, ಹೃದಯಾಘಾತದಿಂದ ತೀರಿಕೊಂಡನೆಂಬುದು ದುಃಖದ ಮಾತು. ಆದರೂ ಅವನ ಬಾಳಿಗೆ ಒಂದು ನೆಲೆಯಿತ್ತು: ಕೈಯಲ್ಲಿ ಕಸುಬು, ಜೊತೆಯಲ್ಲಿ ಒಡಹುಟ್ಟಿದವ, ಕಲಿಯಲು ಕಾಲಾವಕಾಶ.

ಸಾಬು ಕಾಡಂಚನ್ನು ಬಿಟ್ಟು ಮುಕ್ಕಾಲು ಶತಮಾನ ಕಳೆಯಿತು. ಅಷ್ಟರಲ್ಲಿ ಕಬಿನಿಯ ಅಣೆಕಟ್ಟು ಬಂದು ಹಳೆಯ ಊರುಗಳನ್ನು ನೀರು ನುಂಗಿತ್ತು. ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು. ಅದೇ ತಾಲ್ಲೂಕಿನ, ಅದೇ ಕಾಡಿನ ಬಳ್ಳೆ ಹಾಡಿಯಿಂದ ಇನ್ನೊಬ್ಬ ಹುಡುಗ ಕ್ಯಾಮರಾದ ಮುಂದೆ ಬಂದ. ಹೆಸರು ರಾಜೇಶ್. ಜೇನುಕುರುಬರವನು. ಸುವರ್ಣ ವಾಹಿನಿಯಲ್ಲಿ ಮೊದಲು ಪೇಟೆಯ ಹುಡುಗಿಯರನ್ನು ಹಳ್ಳಿಗೆ ಕಳುಹಿಸಿ ನೋಡುವ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಬಂದಿತ್ತು. ಅದು ಜನಕ್ಕೆ ಹಿಡಿಸಿದ ಮೇಲೆ ತಿರುವುಮುರುವಾಗಿ, ಹಳ್ಳಿಯ, ಹಾಡಿಯ ಹುಡುಗರನ್ನು ಬೆಂಗಳೂರಿಗೆ ತಂದು ಪೇಟೆಯ ಹುಡುಗಿಯರಿಂದ ಪೇಟೆಯ ನಡೆನುಡಿ ಕಲಿಸುವ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಬಂದಿತು. ಅಕುಲ್ ಬಾಲಾಜಿ ನಿರೂಪಕರು. ರಾಜೇಶ್ ಗೆದ್ದ. ಅವನ ನಗು, ಮುಚ್ಚುಮರೆಯಿಲ್ಲದ ಮಾತು, ಹೊಸದನ್ನು ಕಂಡಾಗಿನ ಬೆರಗು, ಇವು ಕನ್ನಡನಾಡಿನ ಮನೆಮನೆಯ ಹಜಾರವನ್ನು ಹೊಕ್ಕವು. ‘ಜಂಗಲ್ ಜಾಕಿ’ ಎಂಬ ಚಿತ್ರಕ್ಕೆ ನಾಯಕನೂ ಆದ.

ಅನಂತರದ ಕತೆ ಚಿಕ್ಕದು. ಮದುವೆಯಾಯಿತು. ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತೆಂದು ಚಿಕಿತ್ಸೆ ನಡೆಯಿತು. ಅದನ್ನೂ ವಾಹಿನಿಗಳು ಸುದ್ದಿಯಾಗಿ ತೋರಿಸಿದವು. 2013ರ ನವೆಂಬರಿನಲ್ಲಿ ಮೈಸೂರಿನ ಮನೆಯ ಮಹಡಿಯಿಂದ ಬಿದ್ದು ರಾಜೇಶ್ ತೀರಿಕೊಂಡ. ಬಳ್ಳೆಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮಣ್ಣಿಗೆ—ಎಲ್ಲವೂ ಕೆಲವೇ ವರುಷಗಳ ಮಾತು.

ಈ ಸಾವಿಗೆ ಇಂಥವರೇ ಕಾರಣರೆಂದು ಬೆರಳು ಮಾಡಿ ತೋರಿಸುವುದು ಸುಲಭ. ಸುಲಭವಾದುದರಿಂದಲೇ ಅದು ಬೇಡ. ಮನಸ್ಸಿನ ಬೇನೆಗೆ ನೂರು ಮೂಲಗಳಿರುತ್ತವೆ. ಹೊರಗಿನವರು ತೀರ್ಪು ಕೊಡಲಾಗದು. ಆದರೆ ಆ ಕಾರ್ಯಕ್ರಮದ ರಚನೆಯನ್ನು ಪರೀಕ್ಷಿಸುವುದಕ್ಕೆ ಅಡ್ಡಿಯಿಲ್ಲ. ಅಲ್ಲಿ ಹಾಡಿಯ ಹುಡುಗನು ಯಾವ ಕಾರ್ಯವನ್ನು ಮಾಡಬೇಕಾಗಿತ್ತು? ಅವನಿಗೆ ಬರುವುದನ್ನಲ್ಲ, ಬಾರದ್ದನ್ನು. ಜೇನು ಇಳಿಸುವುದು, ಹೆಜ್ಜೆ ಗುರುತು ಹಿಡಿದು ಆನೆ ಹೋದ ದಾರಿಯನ್ನು ಹೇಳುವುದು, ಇವೆಲ್ಲ ಅವನ ಕುಲದ ಹಿರಿಯ ವಿದ್ಯೆಗಳು. ಪೇಟೆಗೆ ಅವು ಬೇಕಾಗಿರಲಿಲ್ಲ. ಬೇಕಾದದ್ದು ಅವನ ತಬ್ಬಿಬ್ಬು. ಅದನ್ನು ನೋಡಿ ನಾವು ನಕ್ಕೆವು. ಆ ನಗೆಯಲ್ಲಿ ಪ್ರೀತಿಯೂ ಇತ್ತೆಂಬುದು ನಿಜ. ಆದರೆ ತಬ್ಬಿಬ್ಬು ಖರ್ಚಾಗಿ ಹೋಗುವ ಬಂಡವಾಳ. ಪೇಟೆಯನ್ನು ಕಲಿತ ದಿನ ಅದು ಮುಗಿಯುತ್ತದೆ. ಅತ್ತ ಹಾಡಿಯೂ ಮೊದಲಿನ ಹಾಡಿಯಾಗಿ ಉಳಿದಿರುವುದಿಲ್ಲ. ಖೆಡ್ಡಾದಲ್ಲಿ ಹಿಡಿದ ಆನೆಯನ್ನು ಪಳಗಿಸಲು ಒಬ್ಬ ಮಾವುತನಿರುತ್ತಿದ್ದ, ಕಾವಾಡಿಯಿರುತ್ತಿದ್ದ, ಅದರ ಮೇವಿಗೆ ದಿನದ ಅಳತೆಯಿರುತ್ತಿತ್ತು.

ಇದು ನಮ್ಮಲ್ಲಿ ಮಾತ್ರವೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಜೇಡ್ ಗೂಡಿ ಎಂಬ ಹೆಣ್ಣುಮಗಳಿದ್ದಳು. ಲಂಡನ್ನಿನ ಬಡ ಮನೆಯವಳು. ದಂತವೈದ್ಯರ ಬಳಿ ದಾದಿ. 2002ರಲ್ಲಿ ‘ಬಿಗ್ ಬ್ರದರ್’ ಮನೆ ಹೊಕ್ಕಳು. ಭೂಗೋಳ ಗೊತ್ತಿಲ್ಲದೆ ಆಡಿದ ಮಾತುಗಳಿಗಾಗಿ ಅಲ್ಲಿಯ ಅಗ್ಗದ ಪತ್ರಿಕೆಗಳು ಅವಳನ್ನು ಹಂದಿಯೆಂದು ಜರೆದವು. ಜನಕ್ಕೆ ಅವಳು ಹಿಡಿಸಿದಳೆಂದು ಕಂಡಾಗ ಅವೇ ಪತ್ರಿಕೆಗಳು ಹಣ ತೆತ್ತು ಅವಳ ಕತೆಯನ್ನು ಕೊಂಡವು. 2007ರ ಜನವರಿಯಲ್ಲಿ ನಮ್ಮ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿಯವರನ್ನು ಅದೇ ಬಗೆಯ ಮನೆಯಲ್ಲಿ ಅವಳೂ ಸಂಗಡಿಗರೂ ಹೀಯಾಳಿಸಿದಾಗ 40,000ಕ್ಕೂ ಮೀರಿ ದೂರುಗಳು ಬಂದವು. ಶಿಲ್ಪಾ ಗೆದ್ದರು, ಜೇಡ್ ನೆಲಕಚ್ಚಿದಳು. 2008ರಲ್ಲಿ ಶಿಲ್ಪಾ ಅವರೇ ನಡೆಸಿಕೊಡುತ್ತಿದ್ದ ಹಿಂದಿಯ ‘ಬಿಗ್ ಬಾಸ್’ಗೆ ಆಕೆ ಬಂದಳು. ಆ ಮನೆಯೊಳಗಿದ್ದಾಗಲೇ ಗರ್ಭಕಂಠದ ಕ್ಯಾನ್ಸರ್ ಎಂಬ ವರದಿ ಬಂದಿತು. 2009ರ ಮಾರ್ಚ್ 22ರಂದು, 27ನೆಯ ವಯಸ್ಸಿನಲ್ಲಿ, ಸತ್ತಳು. ಸಾಯುವ ಮುನ್ನ ತನ್ನ ಮದುವೆಯ ಚಿತ್ರಗಳನ್ನೂ ಕತೆಯನ್ನೂ ಮಾರಿದಳು. ಆ ಹಣ ತನ್ನ ಇಬ್ಬರು ಗಂಡುಮಕ್ಕಳಿಗೆ ಎಂದಳು. ಹಾಗೆ ನೋಡಿದರೆ ಅವಳು ತನ್ನ ನೆತ್ತರುಗೊಡಗೆಯನ್ನು ತಾನೇ ಗಳಿಸಿಕೊಂಡು ಹೋದಳು. ಅವಳ ರೋಗದ ಸುದ್ದಿಯಿಂದ ಎಚ್ಚೆತ್ತು ಇಂಗ್ಲೆಂಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಹೆಂಗಸರು ಆ ರೋಗದ ತಪಾಸಣೆಗೆ ಹೊಸದಾಗಿ ಹೋದರೆಂಬುದು ಅವಳ ಬಾಳಿನ ಪುಣ್ಯಭಾಗ.

ಆ ದೇಶ ಪಾಠ ಕಲಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. 2019ರಲ್ಲಿ ಜೆರೆಮಿ ಕೈಲ್ ಎಂಬವರ ಕಾರ್ಯಕ್ರಮದಲ್ಲಿ ಭಾಗವಹಿಸಿದ ಒಬ್ಬನು ತೀರಿಕೊಂಡಾಗ ಕಾರ್ಯಕ್ರಮವನ್ನೇ ನಿಲ್ಲಿಸಿದರು. 2021ರ ಏಪ್ರಿಲಿನಿಂದ, ಭಾಗವಹಿಸುವವರ ಕ್ಷೇಮಕ್ಕೆ ತಕ್ಕ ಎಚ್ಚರ ವಹಿಸಬೇಕೆಂಬ ನಿಯಮ ಅಲ್ಲಿಯ ಪ್ರಸಾರ ಸಂಹಿತೆಯಲ್ಲಿ ಸೇರಿತು. ನಮ್ಮಲ್ಲಿ 1995ರ ಕೇಬಲ್ ದೂರದರ್ಶನ ಕಾಯಿದೆಯಡಿ ಕಾರ್ಯಕ್ರಮ ಸಂಹಿತೆಯೊಂದಿದೆ. ಅದರ ಕಣ್ಣು ಇರುವುದು ನೋಡುವವನ ಮೇಲೆ; ನೋಡಿಸಿಕೊಳ್ಳುವವನ ಮೇಲಲ್ಲ. ಮಕ್ಕಳ ಮಟ್ಟಿಗೆ ಮಕ್ಕಳ ಹಕ್ಕುಗಳ ಆಯೋಗದ ಮಾರ್ಗಸೂಚಿಗಳುಂಟು. 2025ರ ಅಕ್ಟೋಬರಿನಲ್ಲಿ ಬಿಡದಿಯ ಬಳಿಯ ‘ಬಿಗ್ ಬಾಸ್’ ಮನೆಯಿದ್ದ ಸ್ಟುಡಿಯೋವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚಿಸಿದುದನ್ನೂ, ಕೆಲವೇ ದಿನಗಳಲ್ಲಿ ಅದು ಮತ್ತೆ ತೆರೆದುದನ್ನೂ ವಾಚಕರು ಬಲ್ಲರು. ಆ ಮನೆಯಿಂದ ಹೊರಬರುವ ಕೊಳಚೆನೀರು ಎಲ್ಲಿ ಹೋಗಬೇಕೆಂಬುದಕ್ಕೆ ಕಾನೂನಿದೆ. ಹೊರಬರುವ ಮನುಷ್ಯ ಎಲ್ಲಿ ಹೋಗಬೇಕೆಂಬುದಕ್ಕೆ?

ಹಾಗೆಂದು ಈ ಪೆಟ್ಟಿಗೆಯನ್ನೇ ಒಡೆದುಹಾಕಬೇಕೆಂದು ವಾದಿಸುವವರ ಜೊತೆ ನಾವು ಸೇರಲಾರೆವು. ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ಹಾಡಿನ ಸ್ಪರ್ಧೆಯೊಂದರಿಂದ ಹೆಸರಾಗಿ, 2025ರ ಜನವರಿಯಲ್ಲಿ ಕನ್ನಡದ ‘ಬಿಗ್ ಬಾಸ್’ ಹನ್ನೊಂದನೆಯ ಆವೃತ್ತಿಯನ್ನು ಗೆದ್ದು 50 ಲಕ್ಷ ರೂಪಾಯಿ ಪಡೆದರು. ಇಲ್ಲಿಯ ವ್ಯತ್ಯಾಸ ಕಣ್ಣಿಗೆ ಕಟ್ಟುವಂಥದು. ಅವರಿಗೆ ಮೊದಲು ಹೆಸರು ತಂದದ್ದು ತಬ್ಬಿಬ್ಬಲ್ಲ, ಕಂಠ. ಕುರಿ ಮೇಯಿಸುತ್ತ ಕಲಿತ ಹಾಡು ಅವರದಾಗಿಯೇ ಇತ್ತು. ಲುಂಗಿಯುಟ್ಟು ಬಂದವರು ಆ ಉಡುಗೆಯನ್ನು ಬಿಡಬೇಕಾಗಲಿಲ್ಲ. ಕಾರ್ಯ ಮೊದಲು, ಕೀರ್ತಿ ಅನಂತರ ಎಂಬ ಹಳೆಯ ವೀರಗಲ್ಲಿನ ನಿಯಮ ಇಲ್ಲಿ ಎಷ್ಟೋ ಮಟ್ಟಿಗೆ ಉಳಿದಿದೆ.

ಆದರೆ ಎಲ್ಲರಿಗೂ ಕಂಠವಿರುವುದಿಲ್ಲ. ಯಶವಂತಪುರದ ನಿಲ್ದಾಣದಲ್ಲಿ ಮುಂಜಾನೆ ರೈಲಿಳಿದು ಬರುವ ಹುಡುಗರಲ್ಲಿ, ಯಲಹಂಕದ ಕಡೆಯ ಕಾಲೇಜುಗಳಲ್ಲಿ ನಮ್ಮ ಮುಂದೆ ಕುಳಿತು ಹಳಗನ್ನಡದ ಪದ್ಯ ಬಿಡಿಸುವವರಲ್ಲಿ, ಒಂದು ಸಲ ಪರದೆಯ ಮೇಲೆ ಕಂಡರೆ ಬಾಳು ಬೆಳಗುವುದೆಂದು ನಂಬಿದವರು ಕಡಮೆಯಿಲ್ಲ. ಬೇಡವೆಂದು ಹೇಳಿದರೆ ಅವರು ಕೇಳರು. ಕೇಳಬೇಕಾದ ಕಾರಣವೂ ಇಲ್ಲ. ಹೆಸರಿನ ಆಸೆ ಕಿತ್ತಯ್ಯನ ಕಾಲದಿಂದ ಬಂದದ್ದು. ಹೇಳಬೇಕಾದದ್ದು ಅವರಿಗಲ್ಲ, ಅವರ ಹೆಸರಿನಿಂದ ಹಣಮಾಡುವವರಿಗೆ. ಗೆದ್ದವನ ಹಣದ ಒಂದು ಪಾಲನ್ನು ನಾಲ್ಕು ವರ್ಷ ಭದ್ರವಾಗಿ ಇಡಿಸಿರಿ. ಕಾರ್ಯಕ್ರಮ ಮುಗಿದ ಮೇಲೆಯೂ ಒಂದೆರಡು ವರ್ಷ ಮನೋವೈದ್ಯರ ಸಲಹೆ ದೊರೆಯುವಂತೆ ಕರಾರಿನಲ್ಲಿಯೇ ಬರೆಯಿರಿ. ಹಾಡಿಯಿಂದ ಬರುವವನ ಜೊತೆ ಅವನ ಮಾತು ಬಲ್ಲ ಒಬ್ಬ ಹಿರಿಯನಿರಲಿ. ಸಾಬುವಿನ ಜೊತೆ ಅಣ್ಣನಿರಲಿಲ್ಲವೆ? ಕಾಯಿಲೆ ಬಿದ್ದವನ ಮುಖಕ್ಕೆ ಕ್ಯಾಮರಾ ಹಿಡಿಯಬೇಡಿರಿ. ಇವು ದುಬಾರಿಯ ಕೋರಿಕೆಗಳಲ್ಲ. ಒಂದು ಸಂಚಿಕೆಯ ದೀಪಾಲಂಕಾರದ ಖರ್ಚಿನಲ್ಲಿ ಆಗುವಂಥವು.

ನೋಡುವ ನಮಗೂ ಒಂದು ಪಾಲು ಸಲ್ಲುತ್ತದೆ. ಮತ ಹಾಕಿ ಗೆಲ್ಲಿಸಿದವರು ನಾವು. ಮರುವರ್ಷ ಹೊಸ ಮುಖ ಬಂದಾಗ ಮರೆತವರೂ ನಾವು. ವೀರಗಲ್ಲಿನ ಕಾಲದಲ್ಲಿ ಊರೆಂಬುದೊಂದಿತ್ತು. ಋಣವನ್ನು ಹೊರಲು ಅದಕ್ಕೆ ಹೆಗಲಿತ್ತು. ಪರದೆಯ ಮುಂದೆ ಕುಳಿತ ಕೋಟಿ ಜನರಿಗೆ ಊರಿಲ್ಲ. ಊರಿಲ್ಲದ ಕಡೆ ಕಾನೂನಾದರೂ ಇರಬೇಕು. ಆತಕೂರಿನ ನಾಯಿಗೆ ಸಂದ ಮಣ್ಣು ಬಳ್ಳೆಯ ಹುಡುಗನಿಗೆ ಸಲ್ಲಲಿಲ್ಲ. ಮುಂದೆ ಬರುವವರಿಗಾದರೂ ಸಲ್ಲಬೇಕು.