ಇಜಾಝತ್ ಎಂಬ ಹಳೆಯ ಮರ್ಯಾದೆ

ಉರ್ದು ಪುಸ್ತಕ ತೆರೆದರೆ ಆರಂಭದ ಪುಟಗಳಲ್ಲೇ ‘ಜುಮ್ಲಾ ಹುಕೂಕ್ ಮಹಫೂಝ್’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಕನ್ನಡ ಪುಸ್ತಕಗಳಲ್ಲಿ ಅದೇ ಜಾಗದಲ್ಲಿ ‘ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ’ ಎಂದಿರುತ್ತದೆ. ಓದುಗರು ಸಾಮಾನ್ಯವಾಗಿ ಈ ಸಾಲನ್ನು ದಾಟಿಕೊಂಡು ನೇರ ಕಥೆಗೆ ಹೋಗುತ್ತಾರೆ. ಅದು ಪ್ರಕಾಶಕರಿಗೂ ವಕೀಲರಿಗೂ ಸಂಬಂಧಿಸಿದ್ದು, ತಮಗಲ್ಲ ಎಂಬುದು ಅವರ ನಂಬಿಕೆ.

ಆದರೆ ಇಂದು ನಕಲು ಮಾಡುವ ಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿದೆ. ಯಾರೋ ಹಾಡಿದ ಹಾಡು, ಯಾರೋ ಮಾಡಿದ ಭಾಷಣ, ಎಲ್ಲಿಯದೋ ಒಬ್ಬ ಅಜ್ಜಿ ಹೇಳಿಕೊಟ್ಟ ಅಡುಗೆ ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಕಂಡ ಮರುಕ್ಷಣ ನಮ್ಮ ಮೊಬೈಲಿಗೆ ಇಳಿಯುತ್ತದೆ. ಸಂಜೆಯೊಳಗೆ ಅದು ಹತ್ತು ವಾಟ್ಸ್‌ಆ್ಯಪ್ ಗುಂಪುಗಳನ್ನು ಸುತ್ತಿರುತ್ತದೆ. ಅಷ್ಟರಲ್ಲಿ ಮಾಡಿದವರ ಹೆಸರು ಅಳಿಸಿಹೋಗಿರುತ್ತದೆ. ಕೇಳಿದರೆ, ‘ಎಲ್ಲರೂ ನೋಡಲೆಂದೇ ಹಾಕಿದ್ದಾರಲ್ಲ, ಮತ್ತೇನು ಅನುಮತಿ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಪ್ರಶ್ನೆ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಅದರ ಬೇರು ಹುಡುಕುತ್ತಾ ಹೋದರೆ ಹನ್ನೆರಡು ಶತಮಾನಗಳ ಹಿಂದಿನ ಬಗ್ದಾದಿಗೆ ತಲುಪುತ್ತೇವೆ.

ಎಂಟನೆಯ ಶತಮಾನದ ಕೊನೆಗೆ ಬಗ್ದಾದಿನಲ್ಲಿ ಕಾಗದ ತಯಾರಾಗತೊಡಗಿತು. ಅದರ ಬೆನ್ನಿಗೇ ‘ವರ್‍ರಾಕ್’ ಎಂಬ ವೃತ್ತಿ ಬೆಳೆಯಿತು. ಪುಸ್ತಕವನ್ನು ಕೈಯಿಂದ ನಕಲು ಮಾಡಿ, ರಟ್ಟು ಕಟ್ಟಿ ಮಾರುವವರು ವರ್‍ರಾಕರು. ಅವರದೇ ಒಂದು ಪೇಟೆಯಿತ್ತು. ಕ್ರಿ.ಶ. 987ರಲ್ಲಿ ತನಗೆ ತಿಳಿದಿದ್ದ ಪುಸ್ತಕಗಳನ್ನೆಲ್ಲ ‘ಅಲ್-ಫಿಹ್ರಿಸ್ತ್’ನಲ್ಲಿ ಪಟ್ಟಿಮಾಡಿದ ಇಬ್ನ್ ನದೀಮ್ ಈ ವೃತ್ತಿಯವನೇ.

ಅದಕ್ಕೂ ಹಿಂದೆ, ಖಲೀಫಾ ಮಾಮೂನನ ಕಾಲದಲ್ಲಿ ಅಲ್-ಫರ್‍ರಾ ಎಂಬ ದೊಡ್ಡ ವ್ಯಾಕರಣ ಪಂಡಿತನಿದ್ದ. ಕ್ರಿ.ಶ. 822ರಲ್ಲಿ ತೀರಿಕೊಂಡ. ಕುರ್‌ಆನಿನ ಅರ್ಥಗಳನ್ನು ಕುರಿತ ಅವನ ಗ್ರಂಥ ರೂಪುಗೊಂಡದ್ದು ಜನರ ನಡುವೆ. ಅವನು ಹೇಳುತ್ತಾ ಹೋದ, ಕೂತವರು ಬರೆದುಕೊಂಡರು. ಗ್ರಂಥ ಮುಗಿದದ್ದೇ ವರ್‍ರಾಕರು ಅದನ್ನು ಬಚ್ಚಿಟ್ಟರಂತೆ. ನಕಲು ಬೇಕೆಂದವರು ಐದು ಹಾಳೆಗೆ ಒಂದು ದಿರ್‌ಹಮ್ ಕೊಡಬೇಕೆಂದರು. ಜನ ಅಲ್-ಫರ್‍ರಾನ ಬಳಿ ದೂರು ಒಯ್ದರು. ಅವನು ವರ್‍ರಾಕರನ್ನು ಕರೆದು ಬುದ್ಧಿ ಹೇಳಿದ, ಅವರು ಜಗ್ಗಲಿಲ್ಲ. ಆಗ ಅವನು, ಇದಕ್ಕಿಂತ ವಿಸ್ತಾರವಾದ ಇನ್ನೊಂದು ಗ್ರಂಥವನ್ನು ಎಲ್ಲರೆದುರು ಹೇಳಿ ಬರೆಸುತ್ತೇನೆಂದು ಘೋಷಿಸಿ, ಮೊದಲ ಅಧ್ಯಾಯದ ಆರಂಭಕ್ಕೇ ನೂರು ಹಾಳೆ ಬರೆಸಿಬಿಟ್ಟ. ವರ್‍ರಾಕರು ಓಡಿಬಂದು ಹತ್ತು ಹಾಳೆಗೆ ಒಂದು ದಿರ್‌ಹಮ್ ಎಂದು ಒಪ್ಪಿಕೊಂಡರು.

ಹಳೆಯ ಚರಿತ್ರೆಕಾರರು ದಾಖಲಿಸಿದ ಈ ಪ್ರಸಂಗದಲ್ಲಿ ಇಂದಿನ ಜಗಳದ ಪಾತ್ರಗಳೆಲ್ಲ ಇವೆ. ಮಾಡಿದವನೊಬ್ಬ, ಹಂಚುವವನೊಬ್ಬ, ಬೇಕೆನ್ನುವವರು ಹಲವರು. ದುಡ್ಡು ಮಾತ್ರ ನಡುವಿನವನ ಕೈಯಲ್ಲಿ! ಅಲ್-ಫರ್‍ರಾನ ಪರವಾಗಿ ಯಾವ ಕಾನೂನೂ ಇರಲಿಲ್ಲ. ಅವನಿಗಿದ್ದ ಬಲ ಒಂದೇ: ಮಾಡಿದವನು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಆ ಬಲವನ್ನು ಕಾಪಾಡಲು ಅಂದಿನ ವಿದ್ವಾಂಸರು ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಅದೇ ‘ಇಜಾಝ’, ನಮ್ಮ ಮನೆಮಾತಿನಲ್ಲಿ ಇಂದಿಗೂ ಉಳಿದಿರುವ ‘ಇಜಾಝತ್’. ಶಿಷ್ಯ ಗ್ರಂಥವನ್ನು ನಕಲು ಮಾಡಿ ಗುರುವಿನೆದುರು ಓದಿ ಒಪ್ಪಿಸುತ್ತಿದ್ದ. ತಪ್ಪುಗಳನ್ನು ತಿದ್ದಿದ ಮೇಲೆ ಗುರು, ಇದನ್ನು ನೀನು ಮುಂದೆ ಕಲಿಸಬಹುದು ಎಂದು ಬರೆದುಕೊಡುತ್ತಿದ್ದ. ಡಮಾಸ್ಕಸ್ಸಿನ ಹಳೆಯ ಹಸ್ತಪ್ರತಿಗಳ ಅಂಚಿನಲ್ಲಿ ಯಾವ ದಿನ, ಯಾವ ಮಸೀದಿಯಲ್ಲಿ, ಯಾರೆದುರು ಓದಲಾಯಿತು, ಕೇಳಲು ಯಾರ್‍ಯಾರು ಕೂತಿದ್ದರು ಎಂಬ ಹೆಸರಿನ ಸಾಲುಗಳನ್ನು ಇಂದೂ ಕಾಣಬಹುದು. ಇದು ಹಣದ ಹಕ್ಕಾಗಿರಲಿಲ್ಲ, ನಕಲು ಮಾಡುವುದಕ್ಕೆ ನಿಷೇಧವೂ ಆಗಿರಲಿಲ್ಲ. ನಕಲು ಎಷ್ಟು ದೂರ ಹೋದರೂ ಅದರ ಮೂಲ ಯಾವುದೆಂಬುದು ಜೊತೆಯಲ್ಲೇ ಹೋಗಬೇಕು ಎಂಬ ಮರ್ಯಾದೆಯಾಗಿತ್ತು.

ಮುದ್ರಣಯಂತ್ರ ಬಂದ ಮೇಲೆ ಈ ಮರ್ಯಾದೆಯೊಂದೇ ಸಾಲದಾಯಿತು. ಬ್ರಿಟನ್ನಿನಲ್ಲಿ 1710ರಲ್ಲಿ ಬಂದ ರಾಣಿ ಆ್ಯನ್ ಕಾಲದ ಶಾಸನ ಲೇಖಕನನ್ನು ಹಕ್ಕುದಾರನೆಂದು ಗುರುತಿಸಿತು. ಹೊಸ ಪುಸ್ತಕಕ್ಕೆ 14 ವರ್ಷ, ಆಗಲೂ ಲೇಖಕ ಬದುಕಿದ್ದರೆ ಇನ್ನೂ 14 ವರ್ಷ ರಕ್ಷಣೆ ಸಿಕ್ಕಿತು. ಭಾರತಕ್ಕೆ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದಲ್ಲಿ 1847ರಲ್ಲಿ, ಬಳಿಕ 1914ರಲ್ಲಿ ಇಂಥ ಕಾಯ್ದೆಗಳು ಬಂದವು. ನಾವೇ ಮಾಡಿಕೊಂಡದ್ದು 1957ರ ಕಾಯ್ದೆ.

ಹಕ್ಕು ಎಂದರೆ ತಡೆಯುವ ಅಧಿಕಾರ ಮಾತ್ರವಲ್ಲ, ಕೊಡುವ ಅಧಿಕಾರವೂ ಹೌದು. ಗಾಂಧೀಜಿಯ ‘ಹಿಂದ್ ಸ್ವರಾಜ್’ನ ಗುಜರಾತಿ ಮೂಲವನ್ನು ಬ್ರಿಟಿಷ್ ಸರಕಾರ ನಿಷೇಧಿಸಿದಾಗ ಅವರು 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅದರ ಇಂಗ್ಲಿಷ್ ಅನುವಾದ ಮುದ್ರಿಸಿ, ಯಾವ ಹಕ್ಕನ್ನೂ ಕಾದಿರಿಸಿಲ್ಲ ಎಂದು ಅದರಲ್ಲೇ ಪ್ರಕಟಿಸಿದರು. ಯಾರು ಬೇಕಾದರೂ ಮುದ್ರಿಸಲಿ ಎಂಬುದು ಅದರರ್ಥ. ಆದರೆ ಆ ಮಾತನ್ನು ಹೇಳಿದವರು ಬರೆದವರೇ ಹೊರತು ನಕಲು ಮಾಡಲು ಹೊರಟವರಲ್ಲ.

ಇನ್ನು ವಿಡಿಯೊ ಉಳಿಸಿಕೊಳ್ಳುವ ಪ್ರಶ್ನೆ. ಅದು ಮೊದಲು ದೊಡ್ಡ ನ್ಯಾಯಾಲಯದ ಮೆಟ್ಟಿಲೇರಿದ್ದು ಅಮೆರಿಕದಲ್ಲಿ. 1975ರಲ್ಲಿ ಸೋನಿ ಕಂಪೆನಿಯ ಬೀಟಾಮ್ಯಾಕ್ಸ್ ಯಂತ್ರ ಅಲ್ಲಿನ ಮಾರುಕಟ್ಟೆಗೆ ಬಂತು. ಟಿವಿಯಲ್ಲಿ ಬರುವುದನ್ನು ಕ್ಯಾಸೆಟ್ಟಿಗಿಳಿಸಿ ಬೇಕಾದಾಗ ನೋಡುವುದು ಮನೆಮನೆಯ ಮಾತಾಯಿತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಕಂಪೆನಿಗಳು ಸೋನಿಯ ಮೇಲೆ ದಾವೆ ಹೂಡಿದವು. 1979ರಲ್ಲಿ ಸೋನಿ ಗೆದ್ದಿತು, 1981ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಕೊನೆಗೆ 1984ರ ಜನವರಿ 17ರಂದು ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಸೋನಿಯ ಪರ ತೀರ್ಪು ಕೊಟ್ಟಿತು.

ಈ ಮೊಕದ್ದಮೆಯಲ್ಲಿ ಮಕ್ಕಳ ಕಾರ್ಯಕ್ರಮದ ಜನಪ್ರಿಯ ನಿರೂಪಕ ಫ್ರೆಡ್ ರೋಜರ್ಸ್ ಸಾಕ್ಷಿ ನುಡಿದಿದ್ದರು. ತಮ್ಮ ಕಾರ್ಯಕ್ರಮವನ್ನು ಮನೆಯವರು ಮುದ್ರಿಸಿಕೊಂಡು ಅನುಕೂಲವಾದಾಗ ನೋಡುವುದಕ್ಕೆ ತಮ್ಮ ಆಕ್ಷೇಪವಿಲ್ಲ ಎಂದಿದ್ದರು. ಕೋರ್ಟ್ ಅದನ್ನು ಗಣನೆಗೆ ತೆಗೆದುಕೊಂಡಿತು. ಅಂದರೆ ಅಲ್ಲಿಯೂ ಒಂದು ಇಜಾಝತ್ ಕೆಲಸ ಮಾಡಿತ್ತು. ಈ ತೀರ್ಪನ್ನು ಕೆಲವರು ‘ಏನನ್ನಾದರೂ ನಕಲು ಮಾಡಬಹುದು’ ಎಂದು ಓದಿಕೊಳ್ಳುತ್ತಾರೆ. ಅದು ಸರಿಯಲ್ಲ. ಕೋರ್ಟ್ ಒಪ್ಪಿದ್ದು ಮನೆಯೊಳಗೆ, ತಡವಾಗಿ ನೋಡಲು ಮಾಡಿಕೊಂಡ ನಕಲನ್ನು. ಅದನ್ನು ಊರಿಗೆ ಹಂಚಲು ಅಪ್ಪಣೆ ಕೊಡಲಿಲ್ಲ.

ನಮ್ಮ ಕಾಯ್ದೆಯ 52ನೇ ಸೆಕ್ಷನ್ ಸಹ ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ ಇವುಗಳಿಗಾಗಿ ನ್ಯಾಯಯುತವಾಗಿ ಬಳಸಲು ಅವಕಾಶ ಕೊಡುತ್ತದೆ. ಖಾಸಗಿ ಬಳಕೆಯ ಈ ವಿನಾಯಿತಿ ಚಲನಚಿತ್ರ, ವಿಡಿಯೊಗಳಿಗೂ ವಿಸ್ತರಿಸಿದ್ದು 2012ರ ತಿದ್ದುಪಡಿಯಿಂದ. ಅದೇ ತಿದ್ದುಪಡಿ ಹಾಡುವವರು, ನಟಿಸುವವರು ಮುಂತಾದ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ತಮ್ಮ ಹೆಸರು ಇರಬೇಕೆಂದು ಕೇಳುವ ಹಕ್ಕನ್ನೂ ಕೊಟ್ಟಿತು. ಬರೆದವರಿಗಂತೂ 57ನೇ ಸೆಕ್ಷನ್ನಿನಡಿ ಈ ಹಕ್ಕು ಮೊದಲೇ ಇತ್ತು. ಕೃತಿಯನ್ನು ಮಾರಿದ ಮೇಲೂ ‘ಇದು ನನ್ನದು’ ಎನ್ನುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ಇದರ ಜೊತೆಗೆ ಯೂಟ್ಯೂಬಿನಂಥ ಜಾಲತಾಣಗಳು ತಮ್ಮದೇ ಷರತ್ತು ಹಾಕುತ್ತವೆ. ಅವು ಒದಗಿಸಿದ ದಾರಿಯಿಂದಲ್ಲದೆ ಬೇರೆ ಉಪಾಯದಿಂದ ವಿಡಿಯೊ ಇಳಿಸಿಕೊಳ್ಳುವುದು ಆ ಕರಾರಿನ ಉಲ್ಲಂಘನೆ.

ಹಾಗೆಂದು ಉಳಿಸಿಕೊಳ್ಳುವುದೇ ತಪ್ಪೆನ್ನಲಾಗದು. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಹಳ್ಳಿಗಳ, ಕೊಳೆಗೇರಿಗಳ ಎಷ್ಟೋ ಹುಡುಗ ಹುಡುಗಿಯರ ಹಾಡು ಕುಣಿತಗಳು ದೇಶದ ಕಣ್ಣಿನಿಂದ ಮರೆಯಾದವು. ಯಾರೋ ಉಳಿಸಿಕೊಂಡ ಪ್ರತಿಗಳೇ ಅವುಗಳ ನೆನಪು. ವರ್‍ರಾಕನ ನಕಲಿಲ್ಲದಿದ್ದರೆ ಅಲ್-ಫರ್‍ರಾನ ಗ್ರಂಥವೂ ನಮಗೆ ತಲುಪುತ್ತಿರಲಿಲ್ಲ.

ಟಿಕ್‌ಟಾಕಿನಲ್ಲಿ ಇನ್ನೊಂದು ಗಮನಿಸಬೇಕಾದ ಸಂಗತಿಯಿತ್ತು. ತನ್ನ ವಿಡಿಯೊವನ್ನು ಇತರರು ಇಳಿಸಿಕೊಳ್ಳಬಹುದೇ ಬೇಡವೇ ಎಂದು ಮಾಡಿದವರೇ ತೀರ್ಮಾನಿಸಬಹುದಿತ್ತು. ಹಾಗೆ ಇಳಿಸಿಕೊಂಡ ಪ್ರತಿಯ ಮೇಲೆ ಅವರ ಹೆಸರು ಅಚ್ಚಾಗಿರುತ್ತಿತ್ತು. ಡಮಾಸ್ಕಸ್ಸಿನ ಹಸ್ತಪ್ರತಿಯ ಅಂಚಿನ ಬರಹವೇ ಇದು! ಅಂಚು ಕತ್ತರಿಸಿ, ಹೆಸರು ಒರೆಸಿ ತಮ್ಮ ಪುಟದಲ್ಲಿ ಹಾಕಿಕೊಂಡು ಮೆಚ್ಚುಗೆ ಗಳಿಸಿದವರೂ ಇದ್ದರು. ಅವರು ಕದ್ದದ್ದು ಒಂದು ನಿಮಿಷದ ದೃಶ್ಯವನ್ನಲ್ಲ, ಬೇರೆ ಯಾವ ಬಂಡವಾಳವೂ ಇಲ್ಲದ ಒಬ್ಬರ ಹೆಸರನ್ನು.

ದೊಡ್ಡ ಕಂಪೆನಿಗಳಿಗೆ ವಕೀಲರಿದ್ದಾರೆ, ನ್ಯಾಯಾಲಯಗಳಿವೆ. ಮೊಬೈಲ್ ಹಿಡಿದು ಹಾಡುವ ಬಡಹುಡುಗಿಗೆ ನಮ್ಮ ನಿಮ್ಮ ಮರ್ಯಾದೆಯೇ ಕಾನೂನು. ನಿಮಗಾಗಿ ಉಳಿಸಿಕೊಂಡದ್ದು ನಿಮ್ಮ ಬಳಿಯೇ ಇರಲಿ. ಇತರರಿಗೆ ತೋರಿಸಬೇಕೆನಿಸಿದರೆ ಮೂಲದ ಲಿಂಕ್ ಕಳಿಸಿ, ಹೆಸರು ಅದರೊಂದಿಗೇ ಹೋಗುತ್ತದೆ. ನಿಮ್ಮ ಪುಟದಲ್ಲಿ ಹಾಕಿಕೊಳ್ಳುವ ಆಸೆಯಿದ್ದರೆ ಮಾಡಿದವರಿಗೆ ಎರಡು ಸಾಲು ಬರೆದು ಕೇಳಿ. ಹಿಂದೆ ಒಂದು ಗ್ರಂಥದ ಅನುಮತಿಗಾಗಿ ಶಿಷ್ಯರು ಊರಿಂದೂರಿಗೆ ತಿಂಗಳುಗಟ್ಟಲೆ ಪ್ರಯಾಣ ಮಾಡುತ್ತಿದ್ದರು. ಇಂದು ಅನುಮತಿ ಕೇಳಲು ನಾವು ಕೂತಲ್ಲಿಂದ ಏಳಬೇಕಾಗಿಲ್ಲ.